ಹಿಕ್ಕೆಯನ್ನು ಮರಳಿ ಹೊತ್ತ ಪೊರಕೆಯಕ್ಕ

ಪೊರಕೆಯಕ್ಕ ಅಂದರೆ ಅಂಥಿಂಥ ಚೊಕ್ಕಟದವಳಲ್ಲ. ಅವಳ ಅಡುಗೆಕಟ್ಟೆಯಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ನಾದಿನಿ ಒಮ್ಮೆ ಬಾಚಿಯೂ ಬಾಚಿದಳು. ಆ ಜಗಳ ಈಗ ಬೇಡ. ಇಂಥವಳಿಗೆ ಊರಾಚೆಯ ಸುಣ್ಣಕಲ್ಲಿನ ಗುಹೆ ಗುಡಿಸುವ ಕೆಲಸ ಸಿಕ್ಕಿತು.

ಮೊದಲ ವಾರವೇ ಬಾವಲಿಗಳ ಕೆಳಗೆ ಗುಡ್ಡೆಬಿದ್ದಿದ್ದ ಹಿಕ್ಕೆಯನ್ನೆಲ್ಲ ಎಂಟು ಬುಟ್ಟಿ ತುಂಬಿ ಹೊರಗೆ ಸುರಿದಳು. ಸೊಂಟಕ್ಕೆ ಕೈಯಿಟ್ಟು ಹೊಗಳಿಕೆಗೆ ಕಾದಳು. ಬಂದವರಿಗೆ ಗುಹೆ ತೋರಿಸುವ ದೀಪದಜ್ಜ ನೋಡಿದವನೇ ತಲೆಯ ಮೇಲೆ ಕೈಹೊತ್ತು ಕುಳಿತ.

“ಅಯ್ಯೋ ತಾಯಿ, ಅದು ಕಸ ಅಲ್ಲ, ಊಟ!”

“ಯಾರ ಊಟ? ನಿಮ್ದಾ?”

“ನಂದ್ಯಾಕಮ್ಮ ಆಗುತ್ತೆ! ಇಲ್ಲಿ ಬಗ್ಗಿ ನೋಡು.”

ಬಿರುಕಿನಲ್ಲೊಂದು ಬಿಳಿಚಿದ ಮಿಡತೆ ಉದ್ದ ಮೀಸೆಯಿಂದ ಬರಿನೆಲವನ್ನು ತಡವುತ್ತಿತ್ತು. ಕಣ್ಣಿರಬೇಕಾದಲ್ಲಿ ಚುಕ್ಕೆಯೂ ಇಲ್ಲ. ಬಿಸಿಲು ಕಾಣದ ಜಾಗದಲ್ಲಿ ಹುಲ್ಲೆಲ್ಲಿ, ಎಲೆಯೆಲ್ಲಿ? ಬಾವಲಿ ಹೊರಗೆ ತಿಂದು ಬಂದು ಒಳಗೆ ಉದುರಿಸಿದರಷ್ಟೇ ಇವಕ್ಕೆ ಬದುಕು.

ಉಣ್ಣುತ್ತಿದ್ದವರ ಮುಂದಿನ ತಟ್ಟೆ ಎತ್ತಿಬಿಟ್ಟೆನಲ್ಲ ಎಂದು ಪೊರಕೆಯಕ್ಕ ಪೇಚಾಡಿಕೊಂಡಳು. ಎಂಟೂ ಬುಟ್ಟಿಯನ್ನು ಮತ್ತೆ ತುಂಬಿ, ತಲೆಯ ಮೇಲೆ ಹೊತ್ತು ತಂದು ಮೊದಲಿದ್ದಂತೆಯೇ ಹರಡಿದಳು.

“ಕಸ ಒಳಗೆ ಹೊರೋ ಗುಡಿಸೋಳನ್ನ ಈಗ್ಲೇ ಕಂಡಿದ್ದು ಅತ್ತಿಗೆ,” ಎಂದು ನಾದಿನಿ ನಕ್ಕಳು. ಅಷ್ಟರಲ್ಲಾಗಲೇ ಮಿಡತೆಗಳು ಕಣ್ಮರೆಯಾಗಿದ್ದವು. ಪೊರಕೆಯಕ್ಕ ಹತ್ತು ದಿನ ಬಗ್ಗಿ ಬಗ್ಗಿ ನೋಡಿದಳು. ಒಂದೂ ಇಲ್ಲ.

“ಮೇಲೆ ನೋಡು,” ಎಂದ ದೀಪದಜ್ಜ. ಚಾವಣಿಯಿಂದ ಬೆರಳುದ್ದದ ಕಲ್ಲೊಂದು ಇಳಿದಿತ್ತು; ತುದಿಯಲ್ಲಿ ಒಂದು ಹನಿ. “ಮಳೆನೀರು ಮಣ್ಣಲ್ಲಿ ಇಳೀತಾ ಹುಳಿಯಾಗುತ್ತೆ, ಕಲ್ಲನ್ನೇ ಕರಗಿಸುತ್ತೆ. ಈ ಗುಹೆ ಕೊರೆದಿದ್ದೂ ಅದೇ. ತೊಟ್ಟಿಕ್ಕೋವಾಗ ಚೂರೇ ಚೂರು ಸುಣ್ಣ ಬಿಟ್ಟು ಹೋಗುತ್ತೆ. ಇಷ್ಟುದ್ದ ಆಗೋಕೆ ನಿನ್ನ ಮುತ್ತಜ್ಜಿಯ ಮುತ್ತಜ್ಜಿ ಕಾಲದಿಂದ ತೊಟ್ಟಿಕ್ಕಿದೆ. ನಿಂಗೆ ಹತ್ತು ದಿನ ತಡ್ಕೊಳೋಕಾಗಲ್ವಾ?”

ಹದಿಮೂರನೆಯ ದಿನ ಹಿಕ್ಕೆಯ ಅಂಚಿನಲ್ಲಿ ಒಂದು ಜೋಡಿ ಮೀಸೆ ಅಲುಗಿತು. ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಮರಿ. ಪೊರಕೆಯಕ್ಕ ಅಲ್ಲೇ ಕುಕ್ಕರಿಸಿ, ಸೆರಗು ಬಾಯಿಗೊತ್ತಿ, ಉಸಿರು ಬಿಗಿಹಿಡಿದು ನೋಡಿದಳು. ಕೇಕೆ ಹಾಕಿದರೆ ಎಲ್ಲಿ ಓಡಿಹೋಗುತ್ತವೋ!

ಅಂದಿನಿಂದ ಮೂವತ್ತು ವರ್ಷ ಅವಳ ಪೊರಕೆ ಜನ ನಡೆಯುವ ದಾರಿ ಬಿಟ್ಟು ಒಂದು ಗೇಣೂ ಆಚೆ ಹೋಗಲಿಲ್ಲ. ಹೊಸ ಸಾಹೇಬರು ಬಂದು ಮೂಗು ಮುಚ್ಚಿಕೊಂಡು, “ಏನಮ್ಮ, ಈ ಮೂಲೆ ಗುಡಿಸೇ ಇಲ್ವಲ್ಲ?” ಎಂದು ಗದರಿದರೆ ಅವಳದು ಒಂದೇ ಮಾತು:

“ಮೆಲ್ಲಗೆ ಸಾರ್. ಅಲ್ಲಿ ಊಟ ನಡೀತಿದೆ.”