ಮೈಸೂರಿನಿಂದ ಒಂದು ಗಂಟೆ ದಾರಿ

ಇದು ನಡೆದದ್ದೇ. ನಂಬದವರು ನಂಬಬೇಡಿ, ನನ್ನ ಗಂಟೇನೂ ಹೋಗುವುದಿಲ್ಲ. ‘ಹೆಂಗಸು, ಕತ್ತಲೆ, ಒಬ್ಬಳೇ ಇದ್ದಳು, ಏನೋ ಭ್ರಮೆ’ ಎನ್ನುವವರನ್ನು ನಾನು ಕೇಳುವುದು ಒಂದೇ. ಹಾಗಾದರೆ ಕಣ್ಣಾರೆ ಕಂಡ ಕಾವಲಿನ ಮುನಿಯಪ್ಪನಿಗೂ ಭ್ರಮೆಯೇ?

ಅರವತ್ತರ ದಶಕದ ಶುರುವಿನ ಮಾತು. ಯಲಹಂಕದ ಹಾದಿಯಲ್ಲಿ, ಜಕ್ಕೂರಿನ ವಿಮಾನದ ಬಯಲಿನ ಅಂಚಿಗೆ ನಮ್ಮ ಮನೆ. ನಮ್ಮ ಯಜಮಾನರು ಪೈಲಟ್, ಹುಡುಗರಿಗೆ ಸಣ್ಣ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು. ಸುತ್ತ ರಾಗಿ ಹೊಲ, ಹೊತ್ತು ಮುಳುಗಿದರೆ ನರಿಗಳ ಕೂಗು.

ಆ ದಿನ ಅವರು ಸಣ್ಣ ವಿಮಾನವೊಂದರಲ್ಲಿ ಮೈಸೂರಿಗೆ ಹೋಗಿದ್ದರು. ಕತ್ತಲಾಗುವಾಗ ಪಕ್ಕದ ಆಫೀಸಿನಲ್ಲಿ ಫೋನು ಹೊಡೆದುಕೊಂಡಿತು. ಓಡಿ ಹೋಗಿ ಎತ್ತಿದೆ. ಅವರದೇ ದನಿ.

“ರಿಪೇರಿ ಈಗ ಮುಗೀತು ಕಣೆ. ಹೊರಡ್ತಾ ಇದೀನಿ. ಮುನಿಯಪ್ಪಂಗೆ ದೀಪ ಹಚ್ಚೋಕೆ ಹೇಳು.”

ಮೈಸೂರಿನಿಂದ ಜಕ್ಕೂರಿಗೆ ಆ ವಿಮಾನದಲ್ಲಿ ಒಂದು ಗಂಟೆ, ಎದುರುಗಾಳಿಯಿದ್ದರೆ ಇನ್ನೂ ತಡ. ಕಾರಿನಲ್ಲಾದರೆ ಮೂರು-ನಾಲ್ಕು ಗಂಟೆ. ಪೈಲಟ್ ಹೆಂಡತಿಗೆ ಇದು ಬಾಯಿಪಾಠ. ಬಯಲು ಕಾಯುವ ಮುನಿಯಪ್ಪ, ವಿಮಾನ ಇಳಿಯುವ ದಾರಿಯುದ್ದಕ್ಕೂ ಸೀಮೆಎಣ್ಣೆ ದೀಪ ಹಚ್ಚತೊಡಗಿದ. ನಾನು ಒಳಗೆ ಬಂದು ಸಾರು ಬಿಸಿಗಿಟ್ಟೆ.

ಸಾರು ಕುದಿಯುವ ಮೊದಲೇ ಬಾಗಿಲು ತಟ್ಟಿದ ಸದ್ದು...

ತೆಗೆದರೆ, ಅವರೇ. ಹಾರುವಾಗ ಹಾಕುವ ಅದೇ ತೊಗಲಿನ ಕೋಟು. ನೇರ ಬಂದು ಮಣೆಯ ಮೇಲೆ ಕೂತರು. ನಾನೋ ಹುಚ್ಚಿ, ಸಂತೋಷದಲ್ಲಿ ಎಲೆ ಹಾಕಿ ಅನ್ನ ಬಡಿಸಿಯೇಬಿಟ್ಟೆ. ಬಗ್ಗಿದಾಗ ಮೈ ಜುಮ್ಮೆಂದಿತು. ಹಾರಿ ಬಂದ ದಿನ ಅವರ ಮೈಯೆಲ್ಲ ಪೆಟ್ರೋಲ್ ವಾಸನೆ. ಈಗ ಯಾವ ವಾಸನೆಯೂ ಇಲ್ಲ... ಬೆವರಿನದು ಕೂಡ. ಇಂಜಿನ್ ಸದ್ದೂ ನನಗೆ ಕೇಳಿರಲಿಲ್ಲ.

ಅಷ್ಟರಲ್ಲಿ ಮುನಿಯಪ್ಪ ಹೊಸ್ತಿಲಾಚೆ ಬಂದು ಒಳಗೆ ಇಣುಕಿದ.

“ಅಮ್ಮಾ, ಸಾಯೇಬ್ರು ಆಗ್ಲೇ ಬಂದ್ಬುಟ್ಟವ್ರೆ. ದೀಪ ಆರ್ಸ್ಬುಡ್ಲಾ? ಸುಮ್ನೆ ಎಣ್ಣೆ ದಂಡ.”

ಎಲೆಯ ಮುಂದಿದ್ದವರು ತಲೆ ಎತ್ತದೆ, ಮೆಲ್ಲಗೆ ಹೇಳಿದರು. “ಆರಿಸೋಕೆ ಹೇಳು...”

ಕಣ್ಣೆದುರು ಗಂಡ ಕೂತಿದ್ದಾರೆ. ಲೆಕ್ಕ ಮಾತ್ರ ಬೇರೆ ಹೇಳುತ್ತಿದೆ. ಅವರು ಇನ್ನೂ ಮಂಡ್ಯ ದಾಟಿರಲಾರರು. ದೀಪ ಆರಿಸಿದರೆ ಈ ಕತ್ತಲಲ್ಲಿ ಎಲ್ಲಿ ಇಳಿಯಬೇಕು ಅವರು? ಭಯವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನ್ನ ಮನೆಯಲ್ಲಿ ಕೂತು ನನ್ನ ಗಂಡನ ಜೀವ ತೆಗೆಯಲು ಅಪ್ಪಣೆ ಕೊಡುವುದೇ?

“ಒಂದು ದೀಪಾನೂ ಮುಟ್ಟಬೇಡ ಮುನಿಯಪ್ಪ. ಎಣ್ಣೆ ಸಾಲದಿದ್ರೆ ನಮ್ಮನೆ ಡಬ್ಬ ತಗೊಂಡು ಹೋಗಿ ಸುರಿ. ಸಾಹೇಬ್ರು ಇನ್ನೂ ದಾರೀಲಿದಾರೆ.”

“ಮತ್ತೆ... ಇವ್ರು?”

“ಯಾರೋ ಗೊತ್ತಿಲ್ಲ.” ಆ ಮುಖವನ್ನೇ ನೋಡುತ್ತ ಹೇಳಿದೆ. “ಊಟ ಬೇಕಿದ್ರೆ ಮಾಡಿ. ದೀಪದ ತಂಟೆಗೆ ಬರಬೇಡಿ.”

ಮುನಿಯಪ್ಪ ಡಬ್ಬ ಎತ್ತಿಕೊಂಡು ಓಡಿದ. ಕೂತಿದ್ದವರು ಉಣ್ಣಲಿಲ್ಲ, ಏಳಲೂ ಇಲ್ಲ. ನಾನು ಸಟ್ಟುಗ ಹಿಡಿದು ಬಾಗಿಲಿಗೆ ಅಡ್ಡ ನಿಂತೆ. ಜಾಗ ಬಿಡಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹೆಬ್ಬಾಳದ ಕೆರೆಯ ಕಡೆಯಿಂದ ಇಂಜಿನ್ನಿನ ಗುಂಯ್ ಸದ್ದು... ಒಂದೇ ಕ್ಷಣ ಹೊರಗೆ ನೋಡಿದೆ. ತಿರುಗಿದರೆ ಮಣೆ ಖಾಲಿ. ಸ್ವಲ್ಪ ಹೊತ್ತಿಗೆ ಪೆಟ್ರೋಲ್ ವಾಸನೆಯೊಂದಿಗೆ ನನ್ನ ಗಂಡ ಒಳಗೆ ಬಂದರು. ಅವರನ್ನು ಹಿಡಿದುಕೊಂಡು ಅತ್ತೆ.

ಅಂದಿನಿಂದ, ಹೇಳಿದ ಹೊತ್ತಿಗಿಂತ ಮುಂಚೆ ಬಂದರೆ ನಾನು ಅವರಿಗೆ ಬಾಗಿಲು ತೆಗೆಯುವುದಿಲ್ಲ. ನೆಂಟರು ನಗುತ್ತಾರೆ, ನಗಲಿ. “ನಾನೇ ಕಣೆ, ತೆಗಿ” ಎಂದು ಅವರು ಹೊರಗೆ ಗೊಣಗುತ್ತ ನಿಲ್ಲುತ್ತಾರೆ.

ಹೋದ ತಿಂಗಳು ಹಾಗೆ ಕೂಗಿ ಕೂಗಿ, ದನಿ ನಿಂತಿತು. ಹೇಳಿದ ಹೊತ್ತಿಗೆ ಬಾಗಿಲು ತೆಗೆದೆ. ಅವರು ಒಳಗೆ ಬಂದು, “ಬಾಗಿಲ ಹಿಂದೇನೇ ಯಾಕೆ ನಿಂತಿದೀಯಾ? ನಾನು ಈಗ ತಾನೇ ಬಂದೆ” ಎಂದರು.