ಭಾವನ ಕ್ಯಾರವಾನಿನ ಒಂದು ಚಕ್ರ

ನನ್ನ ಹೆಂಡತಿಯ ತಮ್ಮ ಗಲ್ಫ್‌ನಿಂದ ರಜೆಯಲ್ಲಿ ಬಂದವನು ಮೆಲ್ಕಾರಿನ ಹತ್ತಿರ ಬಸ್ಸಿಗೆ ಬಾಡಿ ಕಟ್ಟುವವರಲ್ಲಿ ಒಂದು ಕ್ಯಾರವಾನ್ ಮಾಡಿಸಿದ. ಅಲ್ಲಿ ಮರಳುಗಾಡಿನ ಕ್ಯಾಂಪಿನಲ್ಲಿ ಅಂಥದ್ದರಲ್ಲೇ ಮಲಗುತ್ತಿದ್ದನಂತೆ. ಎರಡು ಚಕ್ರಗಳ ಮೇಲೆ ಒಂದು ಕೋಣೆ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಮಡಚುವ ಮಂಚ, ಗ್ಯಾಸ್ ಒಲೆ, ಮುಂದುಗಡೆ ಜೀಪಿಗೆ ಸಿಕ್ಕಿಸುವ ಕೊಂಡಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಇಷ್ಟು ಖಚಿತ. ಬಣ್ಣದಿಂದ ಅನುಮಾನ ಶುರುವಾಗುತ್ತದೆ. ನನ್ನ ನೆನಪಿನಲ್ಲಿ ಅದು ಕೆನೆಬಣ್ಣ, ಹೆಂಡತಿಯ ನೆನಪಿನಲ್ಲಿ ಹಸಿರು.

ಮೊದಲ ಓಡಾಟಕ್ಕೆ ಅಕ್ಕ ತಮ್ಮ ಮುಂಡಾಜೆಯವರೆಗೆ ಹೋಗಿ ಅದೇ ದಿನ ಹಿಂದೆ ಬಂದರು. ನನಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು. ರಸ್ತೆ ಬದಿಯಲ್ಲಿ ನಿಲ್ಲಿಸಿ ಚಹಾ ಮಾಡಿದ ಕತೆಯನ್ನು ಅವಳು ವಾರವಿಡೀ ಹೇಳಿದಳು. "ಒಂದು ರಾತ್ರಿ ಅದರಲ್ಲಿ ಮಲಗಬೇಕು. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೇ ಗುಡ್ಡ ಕಾಣಬೇಕು" ಎಂದಳು. ಮುಂದಿನ ರಜೆಯಲ್ಲಿ ಚಾರ್ಮಾಡಿ ಘಾಟಿಯ ಬುಡಕ್ಕೆ ಹೋಗಿ ಒಂದು ರಾತ್ರಿ ಉಳಿಯುವುದೆಂದು ತಮ್ಮ ಮಾತು ಕೊಟ್ಟ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ನನ್ನಲ್ಲಿ ಅಷ್ಟು ಸ್ಪಷ್ಟವಾಗಿ ಏನನ್ನೂ ಕೇಳಿದ್ದಿಲ್ಲ. ಅಥವಾ ಕೇಳಿದ್ದಳೋ ಏನೋ. ನನ್ನಲ್ಲಿದ್ದದ್ದು ಒಂದು ಸ್ಕೂಟರ್. ಅದನ್ನು ಬಲಕ್ಕೆ ವಾಲಿಸದೆ ಕಿಕ್ ಹೊಡೆದರೆ ಶುರುವಾಗುತ್ತಿರಲಿಲ್ಲ.

ಬಂಟ್ವಾಳದಲ್ಲಿ ತಮ್ಮನ ಮನೆಯ ಅಂಗಳಕ್ಕೆ ಮಳೆಗಾಲದಲ್ಲಿ ಹೊಳೆ ಹತ್ತಿ ಬರುತ್ತಿತ್ತು. ಹಾಗಾಗಿ ಕ್ಯಾರವಾನ್ ಮೂಡುಬಿದಿರೆಯ ನಮ್ಮ ಮನೆಗೆ ಬಂತು.

"ಭಾವ, ನಿಮ್ಮಷ್ಟು ಜಾಗ್ರತೆಯ ಜನ ಬೇರೆ ಯಾರುಂಟು? ನೀವು ನೋಡಿಕೊಂಡರೆ ನನಗೆ ಅಲ್ಲಿ ನಿದ್ದೆ ಬರ್ತದೆ" ಎಂದು ನನಗೆ ಹೇಳಿದ. ಹೇಳಿ, ಬೀಗದಕೈಯನ್ನು ಅಕ್ಕನ ಕೈಯಲ್ಲಿಟ್ಟ.

ನಮ್ಮ ಕಡೆ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಪಿಯುಸಿಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವನು ಅವನು. ನಾನು ಎಂ.ಎ. ಮಾಡಿ ಇತಿಹಾಸ ಪಾಠ ಮಾಡುತ್ತಿದ್ದವನು. ಈ ಎರಡು ವಾಕ್ಯಗಳನ್ನು ಆ ದಿನಗಳಲ್ಲಿ ನಾನು ಮನಸ್ಸಿನಲ್ಲಿ ಎಷ್ಟು ಸಲ ಅಕ್ಕಪಕ್ಕ ಇಟ್ಟು ನೋಡಿದ್ದೇನೋ. ಅವಳು ಬೀಗದಕೈಯನ್ನು ಅಕ್ಕಿ ಡಬ್ಬಿಯ ಮೇಲಿನ ಮೊಳೆಗೆ ತೂಗುಹಾಕಿದಳು. ಕೈ ಚಾಚಿದರೆ ನನಗೂ ಸಿಗುತ್ತಿತ್ತು. ಕೊಡದೆ ಇದ್ದದ್ದನ್ನು ತೆಗೆದುಕೊಂಡರೆ ಅದು ಬೇಕಾಗಿತ್ತೆಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ನಾನು ಮುಟ್ಟಲಿಲ್ಲ.

ಕಾವಲನ್ನು ಮಾತ್ರ ಶಾಸ್ತ್ರೋಕ್ತವಾಗಿ ಮಾಡಿದೆ. ಚಕ್ರ ಎರಡನ್ನೂ ಕಳಚಿ ಗಾಡಿಯನ್ನು ಕೆಂಪುಕಲ್ಲುಗಳ ಮೇಲೆ ಕೂರಿಸಿದೆ. ಕೊಂಡಿಗೆ ಸರಪಳಿ ಪೋಣಿಸಿ ಮಾವಿನ ಮರಕ್ಕೆ ಬಿಗಿದೆ. ಬೀಗಕ್ಕೆ ಮಳೆನೀರು ಇಳಿಯದಂತೆ ಹಳೆಯ ಟ್ಯೂಬಿನ ತುಂಡು ಕಟ್ಟಿದೆ. ಚಕ್ರಗಳನ್ನು ಸೌದೆ ಕೊಟ್ಟಿಗೆಯಲ್ಲಿ ಕಟ್ಟಿಗೆಯ ಹಿಂದೆ ಇಟ್ಟೆ. ಕಿಟಕಿಯ ಪರದೆ ಸರಿಸಿಡು ಎಂದು ಹೆಂಡತಿಗೆ ಹೇಳಿದೆ.

"ಒಳಗೆ ಏನೂ ಇಲ್ಲಾಂತ ಕಳ್ಳನಿಗೆ ಹೊರಗಿಂದಲೇ ಕಾಣಲಿ."

"ಒಳಗೆ ಏನೂ ಇಲ್ಲಾಂತ ನಿಮಗೆ ಹೇಳಿದ್ದು ಯಾರು?" ಎಂದಳು. ಪರದೆ ಮುಚ್ಚಿಯೇ ಇತ್ತು. ತಮಾಷೆ ಎಂದುಕೊಂಡೆ.

ಆಚೆ ಮನೆಯಲ್ಲಿ ಬಟ್ಟೆ ಅಂಗಡಿಯ ಬ್ಯಾರಿಗಳಿದ್ದರು. ಬೇಲಿಯಾಚೆಯಿಂದ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. "ಮಾಸ್ಟ್ರೇ, ಸರ್ಕಸ್ ಯಾವಾಗ ಶುರು? ಹುಲಿ ಬಂದಾಯ್ತಾ?"

ನಮ್ಮ ಕಡೆಯ ಕಳ್ಳರು ಹಗಲಿನವರು. ಯಾರ ಮನೆಯವರು ಯಾವ ದಿನ ಮದುವೆಗೆ ಹೋಗುತ್ತಾರೆಂದು ಅವರಿಗೆ ಗೊತ್ತಿರುತ್ತಿತ್ತು. ಊಟದ ಹೊತ್ತಿಗೆ ಬೀಗ ಒಡೆಯುತ್ತಿದ್ದರು. ಆದ್ದರಿಂದ ಮದುವೆಯ ದಿನ ಮನೆ ಕಾಯಲು ಒಬ್ಬರು ಉಳಿಯುವುದು ಇಲ್ಲಿನ ಪದ್ಧತಿ, ಅದೂ ಸರದಿಯ ಮೇಲೆ. ಕ್ಯಾರವಾನ್ ಬಂದ ಮೇಲೆ ಸರದಿ ಪೂರಾ ನನ್ನದೇ ಆಯಿತು. ಹೆಂಡತಿ ಮಲ್ಲಿಗೆ ಮುಡಿದು ಬಸ್ಸಿಗೆ ಹೋಗುವಳು. ನಾನು ಬೆಳಗ್ಗಿನ ಗಂಜಿಯನ್ನೇ ಮಧ್ಯಾಹ್ನಕ್ಕೂ ಉಂಡು, ಜಗಲಿಯಲ್ಲಿ ಪೇಪರ್ ಹಿಡಿದು ಭಾವನ ಆಸ್ತಿಯನ್ನು ನೋಡುತ್ತಾ ಕೂರುವೆ. ಬಿಸಿಲಿಗೆ ಆ ತಗಡು ಹೊಳೆಯುತ್ತಿತ್ತು. ಹಾಗಿದ್ದರೆ ಬಣ್ಣವೇ ಬಳಿದಿರಲಿಲ್ಲವೋ?

ಒಂದು ಮದುವೆಯ ದಿನ ಬ್ಯಾರಿಗಳ ಬಾವಿಯ ಪಂಪು ಕಳವಾಯಿತು. ನಾನು ಎದುರಿಗೇ ಕೂತಿದ್ದರೂ ನನ್ನ ಕಣ್ಣು ಕ್ಯಾರವಾನಿನ ಮೇಲಿತ್ತು. ಆಗ ನಾನೊಂದು ಲೆಕ್ಕ ಹಾಕಿದೆ. ಎರಡು ಚಕ್ರ ಒಟ್ಟಿಗಿದ್ದರೆ ಕಳ್ಳನಿಗೆ ಪ್ರಯೋಜನ, ಒಂದೇ ಇದ್ದರೆ ಏನೂ ಇಲ್ಲ. ಒಂದು ಚಕ್ರವನ್ನು ಗೋಣಿಯಲ್ಲಿ ಹಾಕಿ ಆಟೋದಲ್ಲಿ ಕಾಲೇಜಿಗೆ ಒಯ್ದು ಹಳೆಯ ಉತ್ತರಪತ್ರಿಕೆಗಳ ಕೋಣೆಯಲ್ಲಿ ಇಟ್ಟೆ. ಅದರ ಬೀಗದಕೈ ನನ್ನೊಬ್ಬನಲ್ಲೇ ಇತ್ತು. ಯಾರಿಗೂ ಹೇಳಲಿಲ್ಲ. ಅಕ್ಕ ತಮ್ಮ ನನಗೆ ಎಲ್ಲವನ್ನೂ ಹೇಳುತ್ತಿದ್ದರೇ?

ಎರಡು ವರ್ಷದ ಮೇಲೆ ಭಾವ ಒಂದು ತಿಂಗಳ ರಜೆಯಲ್ಲಿ ಬಂದ. ಜೀಪಿಗೆ ಹೇಳಿಯಾಯಿತು. ಹೆಂಡತಿ ಅವಲಕ್ಕಿ ಹುರಿದು ಡಬ್ಬಿಗೆ ತುಂಬಿದಳು. ಚಕ್ರ ತರಲು ಕೊಟ್ಟಿಗೆಗೆ ಹೋದವನು ಒಂದನ್ನು ಉರುಳಿಸಿಕೊಂಡು ಬಂದು, "ಇನ್ನೊಂದೆಲ್ಲಿ ಭಾವ?" ಎಂದ.

ಆ ಕ್ಷಣ ನಾನು ನಿಜವಾಗಿಯೂ ಗಾಬರಿಯಾದೆ. ಅದನ್ನು ಕಾಲೇಜಿನಿಂದ ವಾಪಸು ತಂದಿದ್ದೇನೆಂದೇ ನನ್ನ ನಂಬಿಕೆಯಾಗಿತ್ತು. ಆಟೋದಲ್ಲಿ ಕಾಲುಗಳ ನಡುವೆ ಗೋಣಿ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಆಟೋ ಕಾಲೇಜಿಗೆ ಹೋಗುತ್ತಿತ್ತೋ ಮನೆಗೆ ಬರುತ್ತಿತ್ತೋ, ಅದು ಕಟ್ಟಿರಲಿಲ್ಲ.

ಕಳ್ಳತನವೆಂದೇ ತೀರ್ಮಾನವಾಯಿತು. "ಒಂದೇ ಚಕ್ರ ಕದಿಯುವ ಕಳ್ಳ ಎಂಥವ ಮಾರಾಯ್ರೆ? ಕೈಗಾಡಿ ಮಾಡ್ಲಿಕ್ಕಾ?" ಎಂದು ಬ್ಯಾರಿಗಳು ಆಶ್ಚರ್ಯಪಟ್ಟರು. ಬೇರೆ ಚಕ್ರ ಹಾಕುವಂತಿರಲಿಲ್ಲ. ಆ ಆಕ್ಸಲ್ ಯಾವುದೋ ಹಳೆಯ ವಿದೇಶಿ ಕಾರಿನದ್ದು, ಅದರ ತೂತುಗಳಿಗೆ ಇಲ್ಲಿನ ಯಾವ ಚಕ್ರವೂ ಕೂರುತ್ತಿರಲಿಲ್ಲ. ಭಾವ ಬಂಟ್ವಾಳ, ಮೆಲ್ಕಾರ್, ಬೆಳ್ತಂಗಡಿಯ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ. ಒಂದು ದಿನ ಬೈಕಿನ ಹಿಂದೆ ನಾನೂ ಹೋದೆ. ಬೆಳ್ತಂಗಡಿಯ ಹೋಟೆಲೊಂದರಲ್ಲಿ ಬನ್ಸ್ ಮುರಿಯುತ್ತಾ ಅವನು ಹೇಳಿದ. "ಅಕ್ಕನಿಗೆ ಎಂತ ಹೇಳುವುದು ಭಾವ? ಸಣ್ಣದಿರುವಾಗಿಂದ ಅವಳು ಕೇಳಿದ್ದನ್ನು ಇಲ್ಲ ಅಂತ ನಾನು ಹೇಳಿದ್ದೇ ಇಲ್ಲ."

ಆಗ ನನಗೆ ನೆನಪಾಯಿತು. ಆಟೋ ಕಾಲೇಜಿನ ಕಡೆಗೇ ತಿರುಗಿತ್ತು. ಬಾಯಿ ತೆರೆದರೆ ಆಯಿತು, ಮರುದಿನವೇ ಹೊರಡಬಹುದಿತ್ತು. 'ಅವಳು ಕೇಳಿದ್ದನ್ನು' ಎಂಬ ಅವನ ಮಾತು ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ನಾನು ಚಹಾ ಕುಡಿದು ಮುಗಿಸಿದೆ.

ಹೀಗೆ ಬರೆದ ಮೇಲೆ ಅನುಮಾನ. ನೆನಪಾದದ್ದು ಅಲ್ಲಿಯೇ ಹೌದೋ, ಅಥವಾ ಅವನು ವಿಮಾನ ಹತ್ತಿದ ಮೇಲೋ? ಎಷ್ಟೋ ವರ್ಷ ಎರಡನೆಯದನ್ನೇ ನಂಬಿದ್ದೆ. ಅದರಲ್ಲಿ ನಾನು ಬರೀ ಮರೆಗುಳಿ. ಆದರೆ ನನ್ನ ವಿರುದ್ಧ ಒಂದು ಸಾಕ್ಷ್ಯವಿದೆ. ಬೆಳ್ತಂಗಡಿಯಿಂದ ಬಂದ ಆ ಸಂಜೆಯೇ ಹೆಂಡತಿ, "ಕಲ್ಲುರ್ಟಿಗೆ ಹೇಳಿಕೊಳ್ಳುವ. ಕಳೆದುಹೋದದ್ದು ಸಿಗ್ತದೆ. ತೆಗೆದವನನ್ನು ಅವಳು ಸುಮ್ಮನೆ ಕೂರಲಿಕ್ಕೆ ಬಿಡುವುದಿಲ್ಲ" ಎಂದಳು. ದೈವಕ್ಕೆ ಹೀಗೆ ಮೊರೆಯಿಡುವುದು ನಮ್ಮಲ್ಲಿ ಪೊಲೀಸರಿಗೆ ದೂರು ಕೊಡುವುದಕ್ಕಿಂತ ಸಾಮಾನ್ಯ. ನಾನು ನಂಬುವವನಲ್ಲ, ಆದರೆ ಅಲ್ಲಿಯವರೆಗೆ ಅವಳ ಹರಕೆಗಳಿಗೆ ನಕ್ಕು ಸುಮ್ಮನಾಗುತ್ತಿದ್ದೆ. ಆ ದಿನ ಕೂಗಾಡಿದೆ. ಮೂಢನಂಬಿಕೆ, ಓದಿದವರ ಮನೆ, ನಾಚಿಕೆಗೇಡು ಎಂದೆಲ್ಲ. ನನಗೆ ಏನೂ ನೆನಪಾಗಿರದಿದ್ದರೆ ಅಷ್ಟು ಕೂಗುವ ಕಾರಣವೇನಿತ್ತು?

ರಜೆ ಮುಗಿಯಿತು. ಹೊರಡುವ ದಿನ ಭಾವ ಮೊಳೆಯಿಂದ ಬೀಗದಕೈ ತೆಗೆದು ನನ್ನ ಕೈಯಲ್ಲಿಟ್ಟ. "ಇದು ಇನ್ನು ನಿಮ್ಮಲ್ಲೇ ಇರಲಿ ಭಾವ. ನೀವು ಇದ್ದದ್ದಕ್ಕೆ ಒಂದೇ ಹೋದದ್ದು. ಬೇರೆಯವರಾಗಿದ್ದರೆ ಇಡೀ ಗಾಡಿಯೇ ಹೋಗ್ತಿತ್ತು." ಹೆಂಡತಿ ಖಾಲಿ ಮೊಳೆಯನ್ನು ನೋಡಿ ಅಡಿಗೆ ಕೋಣೆಗೆ ಹೋದಳು.

ವಾರ ಕಳೆದ ಮೇಲೆ ಅವಳು ತವರಿಗೆ ಹೋದ ಒಂದು ಮಧ್ಯಾಹ್ನ ಬಾಗಿಲು ತೆಗೆದೆ. ಎರಡು ವರ್ಷ ನಾನು ಕಾದ ಕೋಣೆಯ ಒಳಗನ್ನು ಅವತ್ತೇ ಮೊದಲು ನೋಡಿದ್ದು. ಮಂಚದ ಮೇಲೆ ನಮ್ಮ ಮನೆಯ ಹಳೆಯ ಬೆಡ್‌ಶೀಟು, ಒಂದು ದಿಂಬು. ಅಂಚು ಮಡಿಸಿದ ವಾರಪತ್ರಿಕೆಗಳು, ಅರ್ಧ ಹೆಣೆದ ಬಾಗಿಲತೋರಣ, ಬೀಸಣಿಗೆ, ಕಿಟಕಿಯ ಬಳಿ ಒಣಗಿದ ಮಲ್ಲಿಗೆ. ನಾನು ಕಾಲೇಜಿಗೆ ಹೋದ ಮೇಲೆ ಮಧ್ಯಾಹ್ನಗಳಲ್ಲಿ ಅವಳು ಇಲ್ಲಿರುತ್ತಿದ್ದಳು. ಮುಚ್ಚಿದ ಪರದೆಗೆ ಅರ್ಥ ಬಂತು. ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚೇ. ಈ ಸಲ ಭಾವನ ಮೇಲಲ್ಲ, ಆ ಕೋಣೆಯ ಮೇಲೆ.

ಒಲೆಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿತ್ತು, ಅವಳ ಅಕ್ಷರದಲ್ಲಿ. ಸಕ್ಕರೆ, ಬೆಂಕಿಪೆಟ್ಟಿಗೆ, ಅವಲಕ್ಕಿ, ಇವರ ಸ್ವೆಟರ್, ಇವರಿಗೆ ಓದಲಿಕ್ಕೆ ಎರಡು ಪುಸ್ತಕ. ಚಾರ್ಮಾಡಿಗೆ ನನ್ನನ್ನು ಕರೆದಿದ್ದರೆಂದು ನನಗೆ ನೆನಪಿರಲಿಲ್ಲ. ಬೇರೆಯಾಗಿ ಕರೆಯಬೇಕೆಂದು ಅವಳಿಗೆ ತೋಚಿರಲೂ ಇಲ್ಲ. ನಾನಿಲ್ಲದೆ ಹೋಗುವ ಯೋಚನೆಯೇ ಇರಲಿಲ್ಲ ಎಂದು ಕಾಣುತ್ತದೆ.

ಮರುದಿನ ಅದೇ ಆಟೋ, ಅದೇ ಗೋಣಿ. ಚಕ್ರವನ್ನು ಕ್ಯಾರವಾನಿನ ಬಾಗಿಲಿಗೆ ಒರಗಿಸಿದೆ. ಬೀಗದಕೈಯನ್ನು ಅಕ್ಕಿ ಡಬ್ಬಿಯ ಮೇಲಿನ ಮೊಳೆಗೆ ಸಿಕ್ಕಿಸಿದೆ. ಹೇಳಬೇಕಾದ್ದನ್ನು ಜಗಲಿಯಲ್ಲಿ ಕೂತು ಜೋಡಿಸಿಕೊಳ್ಳುತ್ತಿದ್ದೆ. ತವರಿನಿಂದ ಬಂದವಳು ಚಕ್ರದ ಎದುರು ನಿಂತು ಅದರ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದಳು. ಉತ್ತರಪತ್ರಿಕೆಯ ಒಂದು ಹರಿದ ಚೂರು ಅದಕ್ಕೆ ಅಂಟಿಕೊಂಡಿತ್ತು. ಅದನ್ನೂ ಬಿಡಿಸಿ ನೋಡಿದಳು.

"ಕಳ್ಳ ಪಾಪ ಒಳ್ಳೆಯವ. ಹತ್ತು ದಿನ ಮೊದಲು ತಂದಿಟ್ಟಿದ್ದರೆ ಚಹಾ ಮಾಡಿ ಕೊಡ್ತಿದ್ದೆ."

ನಾನು ಬಾಯಿ ತೆರೆದೆ. ಅವಳು ಕಾಯಲಿಲ್ಲ.

"ನಿಮಗೆ ಹೇಳದೆ ಕಲ್ಲುರ್ಟಿಗೆ ಹರಕೆ ಹೇಳಿದ್ದೆ. ಬರುವ ಆದಿತ್ಯವಾರ ತೀರಿಸಲಿಕ್ಕೆ ಹೋಗುವ. ನೀವೂ ಬನ್ನಿ."

"ಇಬ್ಬರೂ ಹೋದರೆ ಮನೆ ಕಾಯುವುದು ಯಾರು?" ಎರಡು ವರ್ಷದ ಅಭ್ಯಾಸದಿಂದ ಕೇಳಿಬಿಟ್ಟೆ.

"ಇನ್ನು ಎಂತದು ಹೆದರಿಕೆ?" ಎಂದಳು. "ಕಳ್ಳ ನನ್ನೊಟ್ಟಿಗೇ ಬರ್ತಾನಲ್ಲ."