ಅರ್ಧಕ್ಕೆ ನಿಂತ ಈಜಿ ಮೋಡ್

ನಿವೃತ್ತಿಗೆ ಇನ್ನೊಂದು ವರ್ಷ ಬಾಕಿ ಇತ್ತು. ಬೆಳಗಾವಿಯ ಆಸ್ಪತ್ರೆಯೊಂದರ ಕೈ ಚಿಕಿತ್ಸಾ ವಿಭಾಗದಲ್ಲಿ ನಾನು ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೆ. ಪೆಟ್ಟು ತಿಂದ ಕೈಗೆ ಮತ್ತೆ ಗುಂಡಿ ಹಾಕುವುದನ್ನು, ರೊಟ್ಟಿ ಮುರಿಯುವುದನ್ನು, ಕತ್ತರಿ ಹಿಡಿಯುವುದನ್ನು ಕಲಿಸುವುದು ನನ್ನ ಕೆಲಸ. ಆಟೋ ನಗರದ ವರ್ಕ್‌ಶಾಪುಗಳಿಂದ ನಮ್ಮಲ್ಲಿಗೆ ಬರುವವರು ಬಹಳ. ಶಕೀಲಾ ಬಂದದ್ದೂ ಅಲ್ಲಿಂದಲೇ.

ಆಕೆ ಖಾನಾಪುರದವಳು, ನಲವತ್ತರ ಆಸುಪಾಸು. ದಿನಾ ರೈಲಿನಲ್ಲಿ ಬಂದು ವಾಹನಗಳಿಗೆ ರೆಕ್ಸಿನ್ ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಕಟರ್ ಜಾರಿ ಬಲಗೈ ಹೆಬ್ಬೆರಳಿನ ಟೆಂಡನ್ ತುಂಡಾಯಿತು. ಟೆಂಡನ್ ಎಂದರೆ ಬೆರಳನ್ನು ಬಗ್ಗಿಸುವ ಹಗ್ಗ. ನಮ್ಮ ಸರ್ಜನ್ ಅದನ್ನು ಚೆನ್ನಾಗಿಯೇ ಕೂಡಿಸಿದ್ದರು. ಆದರೆ ಇಂಥ ಹೊಲಿಗೆ ಗಟ್ಟಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಷ್ಟರೊಳಗೆ ಅಲುಗಾಡಿಸದಿದ್ದರೆ ಟೆಂಡನ್ ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ, ಹೆಚ್ಚು ಬಲ ಬಿದ್ದರೆ ಹರಿಯುತ್ತದೆ. ನಾವು ಈ ಎರಡರ ನಡುವೆ ನಡೆಯಬೇಕು.

ಆಪರೇಶನ್ ಆಗಿ ಆರು ವಾರ ಕಳೆದ ಮೇಲೆ ಹಗುರ ವ್ಯಾಯಾಮಕ್ಕಾಗಿ ಆಕೆಯ ಕೈಗೆ ವಿಡಿಯೋ ಗೇಮಿನ ರಿಮೋಟ್ ಕೊಟ್ಟೆ. ಓಡುತ್ತ, ಹೊಂಡ ಹಾರುತ್ತ, ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತ ಕೋಟೆ ಸೇರುವ ಹಳೆಯ ಮಾದರಿಯ ಪ್ಲಾಟ್‌ಫಾರ್ಮ್ ಗೇಮ್ ಅದು. ಈಜಿ, ನಾರ್ಮಲ್ ಎಂದು ಎರಡು ಮಟ್ಟಗಳಿದ್ದವು. ಈಜಿಯಲ್ಲಿ ಬೊಂಬೆ ತಾನೇ ಓಡುತ್ತಿತ್ತು, ಹೆಬ್ಬೆರಳಿನಿಂದ ಜಿಗಿತದ ಗುಂಡಿ ಮುಟ್ಟಿದರೆ ಸಾಕು. ನಾರ್ಮಲ್‌ನಲ್ಲಿ ಹೆಬ್ಬೆರಳಿನ ತುದಿಯಿಂದ ಓಟದ ಗುಂಡಿಯನ್ನು ಒತ್ತಿ ಹಿಡಿದೇ, ಅದೇ ಬೆರಳಿನ ಬುಡದಿಂದ ಜಿಗಿತದ ಗುಂಡಿ ಒತ್ತಬೇಕು. ಬೆರಳು ಬಾಗಿದಂತೆಯೇ ಭಾರ ಹೊರುತ್ತದೆ. ಶಕೀಲಾಳ ಹೊಲಿಗೆ ಅದನ್ನು ತಡೆಯುವಂತಿರಲಿಲ್ಲ.

ಖಾನಾಪುರದಿಂದ ದಿನಾ ಬರುವುದು ಕಷ್ಟವೆಂದು ಆಟದ ಪೆಟ್ಟಿಗೆಯನ್ನು ಮನೆಗೇ ಕೊಟ್ಟು ಕಳಿಸಿದೆವು. ವಾರಕ್ಕೊಮ್ಮೆ ತಪಾಸಣೆಗೆ ಬಂದಾಗ ಜೊತೆಗೆ ತಂದು ನಮ್ಮೆದುರು ಆಡಿ ತೋರಿಸುತ್ತಿದ್ದಳು. ಹೊಂಡಕ್ಕೆ ಬಿದ್ದಾಗ ತನಗೆ ತಾನೇ ದಖ್ಖನಿಯಲ್ಲಿ ಬೈದುಕೊಳ್ಳುವಳು, ದಾಟಿದಾಗ ಇಡೀ ಕೋಣೆ ಕೇಳುವಂತೆ ನಗುವಳು. ಹೆಬ್ಬೆರಳು ದಿನೇದಿನೇ ಸಡಿಲವಾಗುತ್ತಿತ್ತು.

ಆಪರೇಶನ್ ಆದ ಹತ್ತನೇ ವಾರ ಆಕೆ ನಮ್ಮೆದುರಿಗೇ ಕೋಟೆಯ ಬಾಗಿಲು ಮುಟ್ಟಿದಳು. ಪಕ್ಕದ ರೋಗಿಗಳೂ ಚಪ್ಪಾಳೆ ತಟ್ಟಿದರು. ಬಾಗಿಲು ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಮೂಡಿದವು.

"ಏನ್ ಬರದೈತ್ರಿ ಅಲ್ಲೆ?" ಎಂದಳು.

ಓದಿ ಹೇಳಿದೆ. ಈಜಿ ಇಲ್ಲಿಗೆ ಮುಗಿಯಿತು, ನಿಜವಾದ ಕೋಟೆ ನೋಡಬೇಕಾದರೆ ನಾರ್ಮಲ್‌ನಲ್ಲಿ ಆಡಿ ಬಾ ಎಂದಿತ್ತು. ನಮ್ಮಲ್ಲಿ ಯಾರೂ ಆ ಆಟವನ್ನು ಕೊನೆತನಕ ಆಡಿದವರಲ್ಲ.

ಶಕೀಲಾಳ ನಗು ಅಲ್ಲೇ ನಿಂತಿತು. "ಹಂಗಾರ ಇಷ್ಟ ದಿನಾ ನಾ ಆಡಿದ್ದು ಖರೇ ಆಟ ಅಲ್ಲೇನ್ರಿ?"

"ನಮಗ ಬೇಕಾಗಿದ್ದು ಬೆರಳ್ರಿ, ಕೋಟಿ ಅಲ್ಲ. ನಾರ್ಮಲ್ ಮಾತ್ರ ಮುಟ್ಟಬ್ಯಾಡ್ರಿ, ಹೊಲಗಿ ಹರೀತೈತಿ," ಎಂದೆ. ಆಕೆ ತಲೆಯಾಡಿಸಿ ಪೆಟ್ಟಿಗೆ ಎತ್ತಿಕೊಂಡು ಹೋದಳು.

ಐದಾರು ದಿನಗಳ ನಂತರ ಬೆಳಿಗ್ಗೆ ಶಕೀಲಾಳ ಫೋನ್ ಬಂತು. "ಮೇಡಮ್ಮರ, ಆಡೂಮುಂದ ಟಕ್ ಅಂತ್ರಿ. ಹೆಬ್ಬೆರಳು ಬಾಗವಲ್ದ್ರಿ."

"ಗಾಬ್ರಿ ಆಗಬ್ಯಾಡ್ರಿ. ಬೆರಳಿಗೆ ಸ್ಪ್ಲಿಂಟ್ ಪಟ್ಟಿ ಕಟ್ಟಿಕೊಂಡು ಹಂಗ ಬರ್ರಿ. ಬಗ್ಗಸಾಕ ಮಾತ್ರ ಹೋಗಬ್ಯಾಡ್ರಿ," ಎಂದೆ.

ಟಕ್ ಎಂಬ ಸದ್ದು, ಆಮೇಲೆ ಬಾಗದ ಬೆರಳು. ಪಾಠದ ಪುಸ್ತಕದಲ್ಲಿ ಟೆಂಡನ್ ಹರಿಯುವುದಕ್ಕೆ ಬರೆದಿರುವ ಲಕ್ಷಣಗಳೇ ಇವು. ಹರಿದಿದ್ದರೆ ಎರಡನೇ ಆಪರೇಶನ್, ಮತ್ತೆ ತಿಂಗಳುಗಟ್ಟಲೆ ಕಾಯುವುದು, ಅಷ್ಟಾದರೂ ಮೊದಲಿನ ಹಿಡಿತ ಬರುವ ಭರವಸೆಯಿಲ್ಲ. ಸರ್ಜನ್‌ಗೆ ತಿಳಿಸಿ ಕಾಯುತ್ತ ಕುಳಿತೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. ರೈಲು ನಡುದಾರಿಯ ದೇಸೂರಿನಲ್ಲಿ ಕ್ರಾಸಿಂಗ್‌ಗೆ ನಿಂತಿದೆ, ಯಾವಾಗ ಬಿಡುತ್ತದೋ ಗೊತ್ತಿಲ್ಲ. "ಇಳದ ಆಟೋ ಮಾಡ್ಕೊಂಡ ಬರ್ಲೇನ್ರಿ?" ಎಂದಳು. ಗುಂಡಿಬಿದ್ದ ರಸ್ತೆಯಲ್ಲಿ ಕೈ ಕುಲುಕಿದರೆ ಏನು ಗತಿ ಎಂದು ನನಗೆ ಭಯ. ಅಲ್ಲೇ ಕೂತಿರಲು ಹೇಳಿದೆ. ಹೇಳಿದ್ದು ಸರಿಯೋ ತಪ್ಪೋ ಎಂದು ಆಕೆ ಬರುವವರೆಗೂ ಬಾಗಿಲ ಕಡೆ ನೋಡುತ್ತಲೇ ಇದ್ದೆ.

ಆಕೆ ಬಂದಾಗ ಹೆಬ್ಬೆರಳು ಊದಿತ್ತು. ನಾನು ಅದರ ಬುಡವನ್ನು ಹಿಡಿದು, "ತುದಿ ಮೆಲ್ಲಗ ಬಗ್ಗಸ್ರಿ," ಎಂದೆ. ಅಲುಗಲಿಲ್ಲ. ಇನ್ನೊಂದು ಪರೀಕ್ಷೆಯಿದೆ. ಮುಂಗೈಯ ಸ್ನಾಯುವನ್ನು ಒತ್ತಿದರೆ, ಟೆಂಡನ್ ಇಡಿಯಾಗಿದ್ದಲ್ಲಿ ಬೆರಳ ತುದಿ ಚೂರು ಮಿಸುಕಬೇಕು. ಒತ್ತಿದೆ. ಮಿಸುಕಿತೋ, ಮಿಸುಕಲೆಂಬ ನನ್ನ ಆಸೆಗೆ ಹಾಗೆ ಕಂಡಿತೋ, ಖಚಿತವಾಗಲಿಲ್ಲ.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಸರದಿಗೆ ಕಾಯುವಾಗ ಆಕೆ ತಾನಾಗಿಯೇ ಬಾಯಿಬಿಟ್ಟಳು. "ನಾರ್ಮಲ್ ಹಚ್ಚಿದ್ನ್ರಿ. ಅಂಗಡ್ಯಾಗ ನನಗ ಈಗಾಗ್ಲೇ ಅರ್ಧ ಕೈಯಾಕಿ ಅಂತಾರ. ಆಟಾನೂ ಅರ್ಧ ಅಂದ್ರ ಹೆಂಗ್ರಿ ತಡ್ಕೊಳ್ಳೂದು?"

ಬೈಯಬೇಕೆಂದಿದ್ದ ನಾನು ಅದರ ಬದಲು ಆಕೆಯ ಊದಿದ ಕೈಯನ್ನು ನನ್ನ ಮಡಿಲ ಮೇಲೆ ಎತ್ತಿ ಇಟ್ಟುಕೊಂಡೆ.

ಸರ್ಜನ್ ಸ್ಕ್ಯಾನಿನ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಹರದಿಲ್ಲ. ಟೆಂಡನ್ ಊದಿ, ತಾ ಸರಿದಾಡೋ ಕೊಳವ್ಯಾಗ ಸಿಕ್ಕೊಂಡೈತಿ. ಇನ್ನೊಂದು ದಿನ ಹಿಂಗ ಆಡಿದ್ರ ಹರೀತಿತ್ತು," ಎಂದರು. ಶಕೀಲಾ ಎಡಗೈಯಿಂದ ಮುಖ ಮುಚ್ಚಿಕೊಂಡು ಅತ್ತಳು.

ಎರಡು ವಾರದ ವಿಶ್ರಾಂತಿಯಲ್ಲಿ ಊತ ಇಳಿಯಿತು, ಬೆರಳೂ ಬಾಗತೊಡಗಿತು. ಆದರೆ ರಿಮೋಟ್ ಕೊಟ್ಟರೆ ಆಕೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ನಾನು ಬೇರೊಂದು ಆಟ ಹುಡುಕಿದೆ. ಅದರಲ್ಲಿ ಓಟವನ್ನು ತಾನೇ ಆಗುವಂತೆ ಮಾಡಬಹುದು, ವೇಗ ತಗ್ಗಿಸಬಹುದು, ಎಷ್ಟು ಸಲ ಬಿದ್ದರೂ ಅಲ್ಲಿಂದಲೇ ಏಳಬಹುದು. ಶಿವಬಸವ ನಗರದ ನನ್ನ ಮನೆಯಲ್ಲಿ ರಜೆಯ ದಿನವೆಲ್ಲ ಕೂತು, ಆ ಸವಲತ್ತುಗಳನ್ನು ಇಟ್ಟುಕೊಂಡೇ ಅದನ್ನು ಕೊನೆಮುಟ್ಟಿಸಿದೆ. ಯಾವ ಬಾಗಿಲೂ ಮುಚ್ಚಿರಲಿಲ್ಲ.

"ಇದೂ ನಡುವ ನಿಲ್ಲತೈತೇನ್ರಿ?" ಎಂದು ಕೇಳಿದಳು.

"ಇಲ್ರಿ. ನಾನ ಆಡಿ ನೋಡೇನಿ," ಎಂದೆ. ಆಮೇಲಷ್ಟೇ ರಿಮೋಟ್ ತೆಗೆದುಕೊಂಡಳು.

ನಾಲ್ಕನೇ ತಿಂಗಳು ಮುಗಿಯುವ ಹೊತ್ತಿಗೆ ಕೆಲಸಕ್ಕೆ ಮರಳಬಹುದೆಂದು ಬರೆದುಕೊಟ್ಟೆವು. ರೆಕ್ಸಿನ್ ಸದ್ಯಕ್ಕೆ ಬೇಡ, ತೆಳು ಬಟ್ಟೆಯ ಕವರ್ ಕತ್ತರಿಸಲಿ, ಕತ್ತರಿ ತಾನೇ ತೆರೆದುಕೊಳ್ಳುವ ಸ್ಪ್ರಿಂಗಿನದಿರಲಿ ಎಂದು ಮಾಲೀಕರಿಗೂ ತಿಳಿಸಿದೆ. ಹದಿನೈದು ದಿನ ಬಿಟ್ಟು ತಪಾಸಣೆಗೆ ಬಂದಾಗ, ಕೆಲಸ ಹೇಗಿದೆ ಎಂದು ಕೇಳಿದೆ.

"ಹಗರ ಕೆಲಸ ಕೊಟ್ಟಾರ್ರಿ. ಆದ್ರ ಸೀಟ್ ಪೂರ್ತಿ ನಾನ ಮುಗಸ್ತೇನಿ," ಎಂದಳು.

ಕೆಲಸವನ್ನು ಸುಲಭ ಮಾಡಿಕೊಡುವುದೇ ನನ್ನ ವೃತ್ತಿಯಾಗಿತ್ತು. ಆದರೆ ದಾರಿಯನ್ನು ಹಗುರ ಮಾಡುವುದು ಬೇರೆ, ಮೊಟಕು ಮಾಡುವುದು ಬೇರೆ ಎಂದು ಈ ಪ್ರಕರಣದಿಂದ ಕಲಿತೆ. ಕೈ ತಡೆಯಲಾರದ ಭಾರವನ್ನು ನಾವು ತೆಗೆದಿಡಬಹುದು, ತೆಗೆದಿಡಲೇಬೇಕು. ಆದರೆ ಆ ಕೈಯವರು ಎಲ್ಲಿಗೆ ತಲುಪಬೇಕೆಂದು ಹೊರಟಿದ್ದಾರೋ ಅಲ್ಲಿಗೆ ಬಾಗಿಲು ಹಾಕುವ ಹಕ್ಕು ನಮಗಿಲ್ಲ.